ಲಕ್ಡಾ ಮನೆಯಲ್ಲಿ ಎಷ್ಟು ಜನ

ತೆನೆ ಕದ್ದರು ಎಂದು ನಮ್ಮ ಇಗರ್ಜಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿದ್ದಾರೆ. ಬರೆದವರು ಯಾರೂ ಅಲ್ಲಿ ಇರಲಿಲ್ಲ. ನಾನು ಇದ್ದೆ. ಆ ತೆನೆಯ ಕಟ್ಟಿನ ಬೆನ್ನಿಗೇ, ಹೊಟ್ಟೆಯ ಮೇಲೆ ದೊಡ್ಡ ಡ್ರಮ್ಮು ಕಟ್ಟಿಕೊಂಡು, ನಾನೇ ಇದ್ದೆ. ನನ್ನ ಬೆರಳು ದಪ್ಪ. ಫೋನಿನಲ್ಲಿ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಆದ್ದರಿಂದ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ. ಉದ್ದವಾಯಿತು ಎನಿಸಿದರೆ ಅರ್ಧ ಈಗ ಕೇಳಿ, ಉಳಿದರ್ಧ ಊಟ ಆದ ಮೇಲೆ ಕೇಳಿ. ಗ್ರೂಪಿನಿಂದ ತೆಗೆಯುವುದಾದರೆ ತೆಗೆಯಿರಿ. ಬ್ಯಾಂಡಿನವರನ್ನು ಮದುವೆ ಮುಗಿದ ಮೇಲೆ ಯಾರು ಇಟ್ಟುಕೊಂಡಿದ್ದಾರೆ.

ನಾನು ಅಲೆಕ್ಸ್. ಮದುವೆಗೂ ಸಾವಿಗೂ ಇದೇ ಡ್ರಮ್ಮು. ಮದುವೆಯಲ್ಲಿ ಬ್ಯಾಂಡಿನವರ ಊಟ ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ. ಸಾವಿನಲ್ಲಿ ಊಟವೇ ಇಲ್ಲ. ಇರಲಿ, ಅದು ನನ್ನ ಕಥೆ. ಇದು ಬಿಬಿಯಾನಾ ಲಕ್ಡಾಳ ಕಥೆ.

ಬಿಬಿಯಾನಾ ಜಾರ್ಖಂಡಿನವಳು, ಸಿಮ್ಡೇಗಾದ ಕಡೆಯವಳು. ಬಂದರಿನಲ್ಲಿ ಬೋಟು ಕಟ್ಟುವ ಧಕ್ಕೆಯಲ್ಲಿ ಮೀನು ಕೊಯ್ಯುತ್ತಾಳೆ. ಗಂಡ ಜೋಹನ್ ಬೋಟಿಗೆ ಹೋಗುತ್ತಾನೆ. ಕಮರುದ್ದೀನ್ ಬ್ಯಾರಿಯ ಒಣಮೀನಿನ ಗೋದಾಮಿನ ಮಹಡಿಯಲ್ಲಿ ಒಂದು ಕೋಣೆ. ಅದೇ ಮಹಡಿಯಲ್ಲಿ, ಅದೇ ಸಾಲಿನಲ್ಲಿ, ಅವರ ಕಡೆಯವರೇ ಇನ್ನೂ ಇಪ್ಪತ್ತು ಮೂವತ್ತು ಜನ. ಎಲ್ಲರೂ ಅಜ್ಜನ ಕಾಲದಿಂದ ಕ್ರೈಸ್ತರು. ಶಿಲುಬೆಯ ಗುರುತು ಮಾಡುವುದನ್ನು ಅವರಿಗೆ ನಾವು ಕಲಿಸಬೇಕಾಗಿರಲಿಲ್ಲ. ಆದರೂ ಕಲಿಸಲು ಹೊರಟೆವು.

ಮೊದಲು ಅವರು ಏಳು ಗಂಟೆಯ ಪೂಜೆಗೆ ಬಂದು ಕೊನೆಯ ಬೆಂಚುಗಳಲ್ಲಿ ಕೂರುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಮೀನಿನ ವಾಸನೆ ಇತ್ತು. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕತ್ತಲಿಗೆ ಎದ್ದು ಬಂಗುಡೆ ಕೊಯ್ದವಳ ಕೈ ಮಲ್ಲಿಗೆಯ ಹಾಗೆ ಪರಿಮಳ ಬರುತ್ತದೆಯೇ. ಅದೇ ಬಂಗುಡೆಯ ಪುಳಿಮುಂಚಿ ಮಧ್ಯಾಹ್ನ ಎಲ್ಲರ ಬಟ್ಟಲಿನಲ್ಲಿ. ಆಗ ಯಾರೂ ಮೂಗು ಮುಚ್ಚುವುದಿಲ್ಲ.

ಮೂಗಿಗೆ ಕರವಸ್ತ್ರ ಹಿಡಿದವರು ಇಗರ್ಜಿಯ ಮಕ್ಕಳಿಗೆ ಪಾಠ ಹೇಳುವ ಬೆನಿಟಾ ಟೀಚರ್. ಹಿಡಿದುಕೊಂಡೇ ಹೇಳಿದರು:

"ಪಾಪ, ಅವರಿಗೆ ಕೊಂಕಣಿ ಎಂತ ಅರ್ಥ ಆಗ್ತದೆ? ಅವರಿಗೆ ಎಂತಾದ್ರೂ ಸ್ಪೆಷಲ್ ಮಾಡ್ಬೇಕು."

ಆ ಒಂದು ಸ್ಪೆಷಲ್ಲಿನಿಂದ ಶುರುವಾಯಿತು. ಇಗರ್ಜಿಯಲ್ಲಿ ವಲಸಿಗರ ಮಿನಿಸ್ಟ್ರಿ ಎಂದು ಒಂದು ಸಮಿತಿ ಹುಟ್ಟಿತು. ಅಧ್ಯಕ್ಷ ಮರ್ವಿನ್. ಬಿಜೈಯಲ್ಲಿ ಫ್ಲ್ಯಾಟು ಕಟ್ಟಿಸುವವನು, ಅದಕ್ಕೆ ಮೊದಲು ಕುವೈತಿನಲ್ಲಿದ್ದವನು. ಉದ್ಘಾಟನೆಯ ದಿನ ಮೈಕು ಹಿಡಿದು ಅತ್ತುಬಿಟ್ಟ. ನಮ್ಮ ಹಿರಿಯರು ಗೋವಾದಿಂದ ಗಂಟು ಹೊತ್ತು ಬಂದವರು ಎಂದ. ತಾನು ಕುವೈತಿನಲ್ಲಿ ಶುಕ್ರವಾರದ ಬಿಸಿಲಿನಲ್ಲಿ ಇಗರ್ಜಿಯ ಹೊರಗೆ ಸಾಲು ನಿಂತವನು, ಪರವೂರಿನವನ ಕಷ್ಟ ತನಗೆ ಗೊತ್ತು ಎಂದ. ನಾವು ಬ್ಯಾಂಡು ಬಾರಿಸಿದೆವು. ಬಿಬಿಯಾನಾ ಮತ್ತು ಅವಳ ಜನ ಚಪ್ಪಾಳೆ ತಟ್ಟಿದರು. ಮುಂದಿನ ಭಾನುವಾರ ಅವರ ಬೆಂಚು ಹೋಯಿತು.

ಹೋಯಿತು ಎಂದರೆ ಕಿತ್ತುಕೊಂಡದ್ದಲ್ಲ. ಅವರಿಗೆ ಸ್ಪೆಷಲ್ ಕುರ್ಚಿ ಬಂತು, ನೀಲಿ ಪ್ಲಾಸ್ಟಿಕ್ಕಿನದು, ಹೊರಗಿನ ಜಗಲಿಯಲ್ಲಿ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದರು. ಗಾಳಿ ಬರುವ ಜಗಲಿಗೆ ಯಾರೋ ಒಂದು ಫ್ಯಾನು ದಾನ ಮಾಡಿದರು. ಎರಡು ತಿಂಗಳಿಗೆ ಜಗಲಿಯೂ ಇಕ್ಕಟ್ಟಾಯಿತು. ಅವರಿಗೆ ಸ್ಪೆಷಲ್ ಹಿಂದಿ ಪೂಜೆ ಇಟ್ಟರು, ಮಧ್ಯಾಹ್ನ ಎರಡಕ್ಕೆ, ಸಭಾಭವನದಲ್ಲಿ. ಸಭಾಭವನಕ್ಕೆ ಮದುವೆ ಬುಕ್ ಆಯಿತು. ಪೂಜೆ ಸ್ಕೂಟರ್ ನಿಲ್ಲಿಸುವ ಶೆಡ್ಡಿಗೆ ಹೋಯಿತು. ಪ್ರತಿ ಸಲ ಅವರನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಕಳಿಸುವಾಗ ಹೊಸ ಬ್ಯಾನರು ಕಟ್ಟುತ್ತಿದ್ದರು. ಜಾಗ ಸಣ್ಣದಾದ ಹಾಗೆ ಬ್ಯಾನರು ದೊಡ್ಡದಾಗುತ್ತಿತ್ತು. ಶೆಡ್ಡಿಗೆ ಕಟ್ಟಿದ್ದು ಎಷ್ಟು ದೊಡ್ಡದಿತ್ತೆಂದರೆ, ಸ್ವಾಗತ ಎನ್ನುವ ಅಕ್ಷರದ ಕೆಳಗೆ ಬಗ್ಗಿ ಒಳಗೆ ಹೋಗಬೇಕಿತ್ತು.

ಹಿಂದಿ ಪೂಜೆಗೆ ಒಬ್ಬ ಚಿಕ್ಕ ಪಾದ್ರಿಯನ್ನು ಕರೆಸಿದರು. ಒಳ್ಳೆಯ ಹುಡುಗ. ಆದರೆ ಅವರು ದೇವರು ನಿಮ್ಮೊಡನೆ ಇದ್ದಾನೆ ಎಂದು ಹಿಂದಿಯಲ್ಲಿ ಹೇಳಿದರೆ ಸ್ಟೇಶನ್ನಿನಲ್ಲಿ ರೈಲು ತಡ ಎಂದು ಹೇಳಿದ ಹಾಗೆ ಕೇಳುತ್ತಿತ್ತು.

"ಅಂಕಲ್," ಬಿಬಿಯಾನಾ ಒಮ್ಮೆ ನನ್ನಲ್ಲಿ ಹೇಳಿದಳು, "ಒಂಬತ್ತು ವರ್ಷ ಆಯ್ತು ನಾನು ಇಲ್ಲಿ. ನಿಮ್ಮ ಕೊಂಕಣಿ ನನಗೆ ಅರ್ಥ ಆಗ್ತದೆ. ಈ ಹಿಂದಿ ಆಗುದಿಲ್ಲ."

"ಹೋಗಿ ಹೇಳು."

"ಹೇಳಿದೆ. ಬೆನಿಟಾ ಟೀಚರ್ ಹೇಳಿದ್ರು, ನಿಮ್ಮ ಸಂಸ್ಕೃತಿ ನೀವು ಮರೀಬಾರದು ಅಂತ."

ಅವಳ ಮಗಳು ಮರಿಯಾಳಿಗೆ ದೀಕ್ಷಾಸ್ನಾನ ಆದದ್ದು ಆ ಶೆಡ್ಡಿನಲ್ಲಿ. ಪಾದ್ರಿ ಮಗುವಿನ ತಲೆಗೆ ನೀರು ಹಾಕುವಾಗ ಯಾರೋ ಸ್ಕೂಟರ್ ತೆಗೆಯಲು ಬಂದು, ಸ್ವಲ್ಪ ಸೈಡಿಗೆ ನಿಲ್ಲಿ ಎಂದ. ದೇವರು, ಪಾದ್ರಿ, ಮಗು, ಎಲ್ಲರೂ ಸೈಡಿಗೆ ನಿಂತರು.

ಇನ್ನು ತೆನೆಯ ವಿಷಯ. ಸೆಪ್ಟೆಂಬರ್ ಎಂಟಕ್ಕೆ ಮರಿಯಮ್ಮನ ಹುಟ್ಟುಹಬ್ಬ. ನಮಗೆ ಮೊಂತಿ ಹಬ್ಬ, ಹೊಸ ಅಕ್ಕಿಯ ಊಟ. ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ಬರದೆ ಯಾರೂ ಎಲೆಯ ಮುಂದೆ ಕೂರುವ ಹಾಗಿಲ್ಲ. ತಲೆಗೊಂದು ತೆನೆ. ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿ ಮೊದಲು ಅದನ್ನು ಬಾಯಿಗೆ ಹಾಕಬೇಕು, ಆಮೇಲೆ ಊಟ. ಪರದೇಶದಲ್ಲಿ ಇರುವವರಿಗೂ ತೆನೆ ಉಂಟು. ಅವರ ಪಾಲಿನ ಕಾಳನ್ನು ಕವರಿನಲ್ಲಿಟ್ಟು ಅಂಚೆಗೆ ಹಾಕುತ್ತಾರೆ. ನಮ್ಮ ಇಗರ್ಜಿಯಲ್ಲಿ ಮೈಕಿನಲ್ಲಿ ಮನೆಯ ಹೆಸರು, ಜನರ ಲೆಕ್ಕ ಕೂಗಿ ತೆನೆ ಕೊಡುವ ಪದ್ಧತಿ. ಹೆಸರು ಕೂಗಿಸಿಕೊಂಡ ಮನೆ ನಮ್ಮದು. ಕೂಗಿಸಿಕೊಳ್ಳದ್ದು ಯಾರದೋ. ಮರ್ವಿನನ ಮನೆಯಲ್ಲಿ ಇರುವುದು ಗಂಡ ಹೆಂಡತಿ ಇಬ್ಬರು. ತೆನೆ ಹನ್ನೊಂದು. ಮಗನ ಸಂಸಾರ ದುಬೈಯಲ್ಲಿ, ಮಗಳ ಸಂಸಾರ ಮೆಲ್ಬರ್ನಿನಲ್ಲಿ, ತಮ್ಮ ಟೊರಾಂಟೊದಲ್ಲಿ. ಆ ತಮ್ಮ ದೇವರೇ ಇಲ್ಲ ಎಂದು ಹೇಳಿಕೊಂಡು ತಿರುಗುವವನು. ಅವನಿಗೂ ಒಂದು.

ಎಷ್ಟೋ ವರ್ಷದಿಂದ ನಾವು ತೆನೆಯನ್ನು ಹೊರಗಿನಿಂದ ಪಿಕಪ್ಪಿನಲ್ಲಿ ತರಿಸುತ್ತಿದ್ದೆವು. ಇಗರ್ಜಿಯ ಹಿಂದಿನ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿತ್ತು. ಈ ವರ್ಷ ಮರ್ವಿನನಿಗೆ ಹೊಳೆಯಿತು. ನಮ್ಮ ಮಣ್ಣು, ನಮ್ಮ ತೆನೆ. ನೆಡುವವರು ಯಾರು? ಮಿನಿಸ್ಟ್ರಿಯವರು. ಅವರಿಗೂ ಇಗರ್ಜಿಗೂ ಸಂಬಂಧ ಬೆಳೆಯುತ್ತದೆ ಎಂದ.

ಸಂಬಂಧ ಬೆಳೆಯಿತು. ಜೂನಿನ ಮಳೆಯಲ್ಲಿ, ಭಾನುವಾರ ಭಾನುವಾರ, ಅವರಿಗಿರುವ ಒಂದೇ ರಜೆಯ ದಿನ. ವಾರವಿಡೀ ಐಸಿನಲ್ಲಿ ಕೈ ಅದ್ದಿ ಮೀನು ಕೊಯ್ದ ಕೈ. ಉಪ್ಪು ತಿಂದು ಬೆರಳ ಸಂದಿ ಬಿಳುಚಿಕೊಂಡಿರುತ್ತದೆ, ಚರ್ಮ ಏಳುತ್ತದೆ. ಆ ಕೈಯಲ್ಲಿ ಕಳೆ ಕಿತ್ತರು. ಟಿಲ್ಲರ್ ಹೂತುಹೋಗಿ ಬರಲಿಲ್ಲ, ಹಾರೆಯಲ್ಲಿ ಅಗೆದರು. ಸಭಾಭವನದ ಮದುವೆಗಳಿಂದ ವರ್ಷಗಟ್ಟಲೆ ಎಸೆದ ಬಿಯರ್ ಬಾಟಲಿ ಕೆಸರಿನಡಿ ಇತ್ತು. ಬಿಬಿಯಾನಾಳ ಪಾದ ಸೀಳಿತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು, ಹಾಗೆಯೇ ಬದುವಿನ ಮೇಲೆ ಕೂತಳು. ಬೆನಿಟಾ ಟೀಚರ್ ಓಡಿಬಂದು ಸ್ಪೆಷಲ್ ಪೆಟ್ಟಿಗೆ ತೆರೆದು ಬ್ಯಾಂಡೇಜು ಕಟ್ಟಿದರು. ಫೋಟೊ ಸರಿ ಬರಲಿಲ್ಲವೆಂದು ಬಿಚ್ಚಿ ಇನ್ನೊಮ್ಮೆ ಕಟ್ಟಿದರು. ಎರಡನೆಯ ಫೋಟೊದಲ್ಲಿ ರಕ್ತ ಚೆನ್ನಾಗಿ ಕಾಣುತ್ತದೆ. ಗ್ರೂಪಿನಲ್ಲಿ ಉಂಟು, ನೋಡಿ.

ಆಗಸ್ಟಿನ ಕೊನೆಗೆ ತೆನೆ ಒಡೆಯಿತು. ಹಾಲು ತುಂಬಿತು. ಹಬ್ಬದ ಹಿಂದಿನ ಭಾನುವಾರ ಬಿಬಿಯಾನಾ ಮರ್ವಿನನ ಎದುರು ನಿಂತಳು. ನಾನು ಅಲ್ಲೇ ಡ್ರಮ್ಮಿನ ತೊಗಲು ಬಿಗಿಯುತ್ತಿದ್ದೆ.

"ಸರ್, ನಮ್ಮ ಮನೆಗೂ ತೆನೆ ಬೇಕು. ಹೆಸರು ಕೂಗಿ."

"ಇದು ಎಂತ ಹೊಸತು?"

"ಮಗು ಇನ್ನೂ ಅನ್ನ ತಿನ್ಲಿಲ್ಲ. ನಮ್ಮ ಊರಲ್ಲೂ ಹೀಗೇ, ಹೊಸ ಅಕ್ಕಿದು ಹಬ್ಬ ಉಂಟು. ಆಶೀರ್ವಾದ ಆದ ಕಾಳು ಮೊದಲು ಮಗುವಿನ ಬಾಯಿಗೆ. ಅದಕ್ಕೆ ಅಂತ ಕಾಯ್ತಾ ಇದ್ದೇನೆ."

ಮರ್ವಿನ್ ತಾಳ್ಮೆಯ ಮನುಷ್ಯ. ತಾಳ್ಮೆಯಿಂದ ವಿವರಿಸಿದ.

"ನೋಡು ಮಾರಾಯ್ತಿ, ತೆನೆ ಕೊಡುದು ಕುಟುಂಬಕ್ಕೆ. ನೀವು ಕುಟುಂಬ ಅಲ್ಲ. ನೀವು ಮಿನಿಸ್ಟ್ರಿ."

"ನಾನು, ನನ್ನ ಗಂಡ, ಮಗು. ಇದು ಕುಟುಂಬ ಅಲ್ವಾ?"

"ಅದು ಹೌದು. ಆದ್ರೆ ವಾರ್ಡ್ ಬೇಕಲ್ಲ. ಒಂದೊಂದು ವಾರ್ಡಿಗೆ ಒಬ್ಬ ಗುರ್ಕಾರ ಇರ್ತಾನೆ, ಅವ ಹೆಸರು ಕೊಡ್ಬೇಕು. ನಿನ್ನ ವಾರ್ಡ್ ಯಾವ್ದು?"

"ಬಂದರಲ್ಲಿ ಇದ್ದೇವೆ."

"ಬಂದರಲ್ಲಿ ನಮ್ಮ ವಾರ್ಡ್ ಇಲ್ಲ."

"ಟೊರಾಂಟೊದಲ್ಲಿ ಉಂಟಾ?" ಎಂದು ನಾನು ಕೇಳಿದೆ.

"ಅಲೆಕ್ಸ್, ನೀನು ನಿನ್ನ ಡ್ರಮ್ ನೋಡು."

ನಾನು ಡ್ರಮ್ಮು ನೋಡಿದೆ. ಮರ್ವಿನ್ ಅವಳ ಕಡೆ ತಿರುಗಿ, ಎಲ್ಲರಿಗೂ ಕೊಟ್ಟು ಉಳಿದರೆ ಶೆಡ್ಡಿಗೆ ಕಳಿಸುತ್ತೇವೆ, ಎರಡು ಗಂಟೆಗೆ, ಸ್ಪೆಷಲ್ ಪ್ರಾರ್ಥನೆಯೊಂದಿಗೆ ಎಂದ. ಅವಳ ಕಾಲಿನ ಗಾಯ, ದಿನವೂ ಧಕ್ಕೆಯ ಉಪ್ಪುನೀರು ತಾಗಿ, ಇನ್ನೂ ಮಾಗಿರಲಿಲ್ಲ. ಕುಂಟಿಕೊಂಡು ಹೋದಳು.

ಹಬ್ಬದ ಮುಂಜಾನೆ ಅವರೇ ಗದ್ದೆಗಿಳಿದು ತೆನೆ ಕೊಯ್ದರು. ಅಷ್ಟಾದ ಮೇಲೆ ಬೆನಿಟಾ ಟೀಚರ್ ಒಂದು ಟ್ರಂಕು ತೆರೆದರು. ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿಯಿಂದ ತಂದದ್ದು. ಗರಿಯ ಕಿರೀಟ, ಪ್ಲಾಸ್ಟಿಕ್ ಎಲುಬಿನ ಸರ, ಚಿರತೆಯ ಚುಕ್ಕೆಯ ಬಟ್ಟೆ, ರಟ್ಟಿನ ಈಟಿ.

ಜೋಹನ್ ಕಿರೀಟವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಜೀನ್ಸ್ ಪ್ಯಾಂಟಿನ ಹುಡುಗ, ಬೋಟಿನ ಇಂಜಿನ್ನು ಬಿಚ್ಚಿ ಕಟ್ಟುವವನು.

"ಟೀಚರ್, ಇದು ಎಂತ?"

"ಟ್ರೆಡಿಶನಲ್."

"ಯಾರದು?"

"ನಿಮ್ಮದೇ ಅಲ್ವಾ."

"ನಮ್ಮ ಊರಲ್ಲಿ ಇದನ್ನು ಹಾಕಿದ್ರೆ ನಾಯಿ ಓಡಿಸಿಕೊಂಡು ಬರ್ತದೆ."

"ನಾಚಿಕೆ ಮಾಡ್ಬಾರ್ದು ಮಗಾ. ನಮ್ಮ ಸಂಸ್ಕೃತಿಗೆ ನಾವೇ ನಾಚಿದ್ರೆ ಹೇಗೆ?"

ಹಾಕಿದರು. ಏನು ಮಾಡುವುದು, ಇಗರ್ಜಿಯಲ್ಲಿ ಗಲಾಟೆ ಮಾಡುವ ಜನ ಅಲ್ಲ ಅವರು. ದೊಡ್ಡ ದೊಡ್ಡ ಗಂಡಸರು ಗರಿ ಸಿಕ್ಕಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಬಿಬಿಯಾನಾ ಮಾತ್ರ ಹಾಕಲಿಲ್ಲ. ತಲೆಯ ಮೇಲೆ ತೆನೆಯ ಕಟ್ಟು ಬರುತ್ತದೆ, ಕಿರೀಟ ಎಲ್ಲಿ ಇಡುವುದು ಎಂದಳು. ಕೆಂಪು ಅಂಚಿನ ಬಿಳಿ ಸೀರೆ ಉಟ್ಟಿದ್ದಳು. ಮಗುವನ್ನು ಜೋಹನನ ಕೈಗೆ ಕೊಟ್ಟಳು. ಮಗು ಅಪ್ಪನ ಗರಿ ನೋಡಿ ಕಿರುಚಿತು.

ಮೆರವಣಿಗೆಯ ಕ್ರಮ ಸರಿಯಾಗಿ ಕೇಳಿಸಿಕೊಳ್ಳಿ. ರಸ್ತೆಯ ಮೂಲೆಯ ಶಿಲುಬೆಯಿಂದ ಇಗರ್ಜಿಯ ಗೇಟಿಗೆ. ಎಲ್ಲಕ್ಕಿಂತ ಮುಂದೆ ತೆನೆ, ಅದರ ಆಚೀಚೆ ಗರಿಯವರು. ತೆನೆಯ ಹಿಂದೆ ಬ್ಯಾಂಡು. ತೆನೆ ನಡೆದರೆ ನಾವು ನಡೆಯಬೇಕು, ತೆನೆ ನಿಂತರೆ ನಿಲ್ಲಬೇಕು, ತೆನೆ ಕೆಳಗಿಳಿಯುವವರೆಗೆ ಬಾರಿಸುವುದು ನಿಲ್ಲಿಸುವ ಹಾಗಿಲ್ಲ. ನನಗೆ ಹೀಗೆಂದು ಹೇಳಿಕೊಟ್ಟವರು ಸತ್ತಿದ್ದಾರೆ, ತಿದ್ದಲು ಅವರು ಬರುವುದಿಲ್ಲ. ಬ್ಯಾಂಡಿನ ಹಿಂದೆ ಹೂವಿನ ಬುಟ್ಟಿ ಹಿಡಿದ ಮಕ್ಕಳು. ಬ್ಯಾಂಡು ಬಿಟ್ಟು ಆಚೀಚೆ ಹೋದರೆ ಕೊನೆಗೆ ಹಂಚುವ ಹಬ್ಬದ ಕಬ್ಬು ಇಲ್ಲ ಎಂದು ಅವರಿಗೆ ಟೀಚರ್ ಹೆದರಿಸಿ ಇಟ್ಟಿದ್ದರು. ಮಕ್ಕಳ ಹಿಂದೆ ಮೈಕಿನ ರಿಕ್ಷಾ. ರಿಕ್ಷಾದ ಹಿಂದೆ ಊರು.

ಗೇಟಿನಲ್ಲಿ ಮರ್ವಿನ್ ನಿಂತಿದ್ದ, ಸೂಟು ಹಾಕಿ, ಎರಡೂ ಕೈ ಮುಂದೆ ಚಾಚಿ. ಅಲ್ಲಿ ತೆನೆಯನ್ನು ಅವನ ಕೈಗೆ ಕೊಟ್ಟು, ಗರಿಯವರು ಪಕ್ಕದ ಓಣಿಯಿಂದ ಶೆಡ್ಡಿಗೆ ಹೋಗಬೇಕು ಎಂದು ಮೊದಲೇ ತೀರ್ಮಾನ ಆಗಿತ್ತು.

ಬಿಬಿಯಾನಾ ನಿಂತಳು. ಕಟ್ಟು ಇಳಿಸಲಿಲ್ಲ.

"ಕೊಡು," ಎಂದ ಮರ್ವಿನ್.

"ಹೆಸರು ಕೂಗಿ, ಕೊಡ್ತೇನೆ. ಲಕ್ಡಾ ಮನೆ ಅಂತ."

ಅವನು ನಕ್ಕ. ಫೋಟೊದವರು ಇದ್ದರಲ್ಲ. ನಗುತ್ತಲೇ ಹಲ್ಲಿನ ನಡುವಿನಿಂದ ಹೇಳಿದ.

"ಈಗ ನಾಟಕ ಮಾಡ್ಬೇಡ. ಒಳಗೆ ಪಾದ್ರಿಗಳು ಕಾಯ್ತಾ ಇದ್ದಾರೆ."

"ನಾನೂ ಕಾಯ್ತಾ ಇದ್ದೇನೆ."

ತೆನೆ ನಿಂತಿತ್ತು. ಆದ್ದರಿಂದ ನಾವು ನಿಂತು ಬಾರಿಸಿದೆವು. ಅದೇ ಮರಿಯಮ್ಮನ ಹಾಡು. ಮುಗಿಯಿತು, ಮತ್ತೆ ಶುರು ಮಾಡಿದೆವು. ಮಕ್ಕಳು ಹೂವು ಎಸೆದರು. ಎಸೆಯುವುದಕ್ಕೆ ಮರಿಯಮ್ಮನ ಮೂರ್ತಿ ಇನ್ನೂ ದೂರ ಇದ್ದುದರಿಂದ ಹೂವೆಲ್ಲ ಮರ್ವಿನನ ಸೂಟಿನ ಮೇಲೆ ಬಿತ್ತು. ಬೆನಿಟಾ ಟೀಚರ್ ಬಂದು ಬಿಬಿಯಾನಾಳ ಕಿವಿಯಲ್ಲಿ ಏನೋ ಹೇಳಿದರು. ಅವಳು ತಲೆ ಅಲ್ಲಾಡಿಸಲಿಲ್ಲ. ತಲೆಯ ಮೇಲೆ ಅಷ್ಟು ಭಾರ ಇರುವಾಗ ಅಲ್ಲಾಡಿಸುವುದು ಹೇಗೆ. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಕಾಲಿನ ಪಟ್ಟಿಯಲ್ಲಿ ಕೆಂಪು ಒಸರುತ್ತಿತ್ತು.

ಮರ್ವಿನ್ ನನ್ನ ಹತ್ತಿರ ಬಂದು ಕಿರುಚಿದ, ಡ್ರಮ್ಮಿನ ಸದ್ದಿಗೆ ಕಿರುಚಲೇಬೇಕು.

"ಅಲೆಕ್ಸ್, ನಿಲ್ಲಿಸು ಮಾರಾಯ ಒಮ್ಮೆ."

"ತೆನೆ ಇಳಿಯದೆ ನಿಲ್ಲಿಸ್ಲಿಕ್ಕೆ ಇಲ್ಲ ಸರ್. ಪದ್ಧತಿ."

ಅವನು ಮತ್ತೆ ಅವಳ ಎದುರು ಹೋದ. ಒಂದು ಕೊಡುಗೆ ಮುಂದಿಟ್ಟ. ಮುಂದಿನ ವರ್ಷ ಗದ್ದೆಯ ಬದಿಯಲ್ಲಿ ಒಂದು ಕಲ್ಲು ಹಾಕಿಸುತ್ತೇವೆ, ನಿಮ್ಮ ಮಿನಿಸ್ಟ್ರಿಯ ಹೆಸರು ಕೆತ್ತಿಸುತ್ತೇವೆ, ಸ್ಪೆಷಲ್ ಆಗಿ. ಅವಳು ಕೇಳಿಸಿಕೊಂಡಳು.

"ಬೇಡ. ನನಗೆ ಸ್ಪೆಷಲ್ ಎಂತದೂ ಬೇಡ. ಬಂದರಲ್ಲಿ ವಾರ್ಡ್ ಇಲ್ಲ ಅಂದ್ರಲ್ಲ. ಬಂದರಿನವರು ನೆಟ್ಟ ತೆನೆಯೂ ಇಲ್ಲ."

ತಿರುಗಿದಳು. ನಡೆದಳು.

ಜೋಹನ್ ಮಗುವನ್ನು ಎತ್ತಿಕೊಂಡು ಅವಳ ಹಿಂದೆ ಹೋದ. ಗರಿಯವರು ಅವನ ಹಿಂದೆ ಹೋದರು. ನಾನು ನನ್ನ ಹುಡುಗರನ್ನು ನೋಡಿದೆ. ಟ್ರಂಪೆಟ್ಟಿನ ವಾಲ್ಟರ್ ಬಾಯಿಂದ ಟ್ರಂಪೆಟ್ಟು ತೆಗೆಯದೆ ಹುಬ್ಬಿನಲ್ಲೇ ಕೇಳಿದ, ಎಂತ ಮಾಡುದು ಎಂದು. ನಾನು ಡ್ರಮ್ಮಿಗೆ ಒಂದು ಕೊಟ್ಟೆ. ತೆನೆ ನಡೆದರೆ ಬ್ಯಾಂಡು ನಡೆಯಬೇಕು. ಅದನ್ನು ಬೇರೆ ಯಾರೂ ಹೇಳಲಿಲ್ಲ, ನಾನೇ ಹೇಳಿದ್ದು. ಗ್ರೂಪಿನಲ್ಲಿ ಹೆಸರು ಬರೆಯುವುದಾದರೆ ನನ್ನ ಹೆಸರು ಬರೆಯಿರಿ.

ಬ್ಯಾಂಡು ತಿರುಗಿತು. ಮಕ್ಕಳಿಗೆ ಕಬ್ಬಿನ ಚಿಂತೆ, ಬ್ಯಾಂಡಿನ ಹಿಂದೆ ಬಂದರು. ಮೈಕಿನ ರಿಕ್ಷಾದವನು ಮಕ್ಕಳ ಹಿಂದೆ ಬಂದ. ಮಕ್ಕಳ ತಂದೆ ತಾಯಿ ಮಕ್ಕಳನ್ನು ಹಿಡಿಯಲು ಬಂದರು. ಅವರನ್ನು ನೋಡಿ ಉಳಿದವರು, ಈ ಸಲ ಮೆರವಣಿಗೆಯ ದಾರಿ ಬದಲಾಗಿದೆ ಎಂದುಕೊಂಡು ಜಪಮಣಿ ಎಣಿಸುತ್ತ ಬಂದರು. ಗೇಟಿನಲ್ಲಿ ಉಳಿದದ್ದು ಮರ್ವಿನ್, ಬೆನಿಟಾ ಟೀಚರ್ ಮತ್ತು ಸ್ವಾಗತದ ಬ್ಯಾನರು.

ಇಳಿಜಾರಿನಲ್ಲಿ ಪೊಲೀಸಿನವನೊಬ್ಬ ಬಸ್ಸು ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟ. ಪರ್ಮಿಶನ್ ಕೇಳಲಿಲ್ಲ. ಮುಂದೆ ತೆನೆ, ಹಿಂದೆ ಗರಿ, ಈಟಿ, ಬ್ಯಾಂಡು, ಮಕ್ಕಳು, ಮೈಕು. ಇಷ್ಟೆಲ್ಲ ಪರ್ಮಿಶನ್ ಇಲ್ಲದೆ ಯಾರು ತರುತ್ತಾರೆ ಎಂದುಕೊಂಡಿರಬೇಕು. ಕುದ್ರೋಳಿಯ ತಿರುವಿನಲ್ಲಿ ಮಕ್ಕಳ ಹೂವು ಮುಗಿಯಿತು. ಅಂಗಡಿಯವರೊಬ್ಬರು ಸೇವಂತಿಗೆಯ ಬುಟ್ಟಿಯನ್ನೇ ಕೊಟ್ಟರು. ಬಿಬಿಯಾನಾ ಒಮ್ಮೆಯೂ ಹಿಂದೆ ನೋಡಲಿಲ್ಲ. ಅವಳ ಎಡಗಾಲು ಊರಿದ ಕಡೆಯಲ್ಲೆಲ್ಲ ಡಾಂಬರಿನ ಮೇಲೆ ಒಂದು ಕಲೆ. ನಾನು ಅದನ್ನು ತುಳಿಯದೆ ನಡೆಯಲು ನೋಡಿದೆ. ಹೊಟ್ಟೆಯ ಮೇಲೆ ಡ್ರಮ್ಮು ಇರುವವನಿಗೆ ಕಾಲ ಬುಡ ಕಾಣುವುದಿಲ್ಲ.

ಬಂದರಿನಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತಿದ್ದ ವಾರಿಜಾಕ್ಷಿ ಎದ್ದು ನಿಂತಳು. ಧಕ್ಕೆಯಲ್ಲಿ ಬಿಬಿಯಾನಾಳ ಜೊತೆ ಕೊಯ್ಯುವವಳು.

"ಬಿಬೀ, ಎಂತ ಮಾರಾಯ್ತಿ ಇದು? ಯಾರದ್ದು ಮದುವೆ?"

"ಮರಿಯಾಳ ಅನ್ನ."

"ಅನ್ನಕ್ಕೆ ಬ್ಯಾಂಡಾ? ನಿನ್ನ ಗಂಡ ಎಂತಕ್ಕೆ ಕೋಳಿ ಆದದ್ದು?"

ಜೋಹನ್ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅವನನ್ನು ನೋಡಿ ಉಳಿದವರೂ ತೆಗೆದರು. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಅವರ ತಲೆಯ ಬೆವರು ಇಳಿಯುವುದು ಕಂಡಿತು.

ಕಮರುದ್ದೀನ್ ಬ್ಯಾರಿ ಗೋದಾಮಿನ ಬಾಗಿಲಲ್ಲಿ ನಿಂತು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದರು.

"ಎಂತ ಪೊರ್ಬುಗಳೇ, ದಾರಿ ತಪ್ಪಿತಾ?" ಕ್ರೈಸ್ತರನ್ನು ಅವರು ಕರೆಯುವುದು ಪೊರ್ಬುಗಳು ಎಂದೇ.

"ಇಲ್ಲ ಬ್ಯಾರಿಗಳೇ. ತೆನೆ ಇಳಿಸ್ಲಿಕ್ಕೆ ಒಂದು ಜಾಗ ಬೇಕು," ಎಂದೆ ನಾನು.

ಅವರು ಹೆಚ್ಚು ಕೇಳಲಿಲ್ಲ. ಒಣಮೀನಿನ ಗೋಣಿಗಳನ್ನು ಸರಿಸಿ, ತೂಕದ ಮೇಜಿನ ಮೇಲೆ ಹೊಸ ಬೈರಾಸು ಹಾಸಿದರು. ಬಿಬಿಯಾನಾ ಕಟ್ಟನ್ನು ಇಳಿಸಿದಳು. ನಾವು ನಿಲ್ಲಿಸಿದೆವು. ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು. ಅವಳು ಕುತ್ತಿಗೆಯನ್ನು ಎರಡೂ ಕೈಯಿಂದ ಒತ್ತಿಕೊಂಡಳು.

ಅಷ್ಟರಲ್ಲಿ ದೊಡ್ಡ ಪಾದ್ರಿಗಳು ರಿಕ್ಷಾದಲ್ಲಿ ಬಂದರು. ಮಂಡಿನೋವಿನ ಮನುಷ್ಯ, ಸಿಹಿಮೂತ್ರ ಬೇರೆ.

"ತೆನೆ ಇಲ್ಲಿ ಉಂಟಾ? ಹಾಗಾದ್ರೆ ಇಲ್ಲೇ ಮಾಡುವ. ನನಗೆ ಊಟಕ್ಕೆ ಹೊತ್ತಾಯ್ತು," ಎಂದು ಹೇಳಿ, ಒಣಮೀನಿನ ಗೋಣಿಗಳ ನಡುವೆ ಪ್ರಾರ್ಥನೆ ಹೇಳಿ, ತೆನೆಗೆ ಪವಿತ್ರ ನೀರು ಚಿಮುಕಿಸಿದರು. ಸ್ವಲ್ಪ ನೀರು ಸಿಗಡಿಯ ಮೇಲೂ ಬಿತ್ತು. ಈಗ ಬೇಕಾದರೆ ಕ್ರಯ ಜಾಸ್ತಿ ಮಾಡಿ ಎಂದು ವಾರಿಜಾಕ್ಷಿ ಕಮರುದ್ದೀನರಿಗೆ ಹೇಳಿದಳು.

ಮರ್ವಿನ್ ಬಂದದ್ದು ಆಮೇಲೆ, ನಡೆದುಕೊಂಡು. ಕಾರು ಐಸ್ ಲಾರಿಯ ಹಿಂದೆ ಸಿಕ್ಕಿಬಿದ್ದಿತ್ತು. ಸೂಟಿನ ಕೋಟು ಕೈಯಲ್ಲಿ.

"ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ ನಾನು. ಇದು ಇಗರ್ಜಿದು ತೆನೆ."

"ಕೊಡಿ," ಎಂದರು ಕಮರುದ್ದೀನ್. "ಅದಕ್ಕೆ ಮೊದಲು ನೀರು ಕುಡೀರಿ. ಮುಖ ನೋಡಿ ಎಂತ ಆಗಿದೆ."

ಆದರೆ ಊರು ಅಲ್ಲಿಗೆ ಬಂದಾಗಿತ್ತು. ಊರಿಗೆ ಹಸಿವೆ. ಮನೆಯಲ್ಲಿ ಏಳು ಬಗೆಯ ತರಕಾರಿ ಬೇಯಿಸಿ ಮುಚ್ಚಿಟ್ಟು ಬಂದವರು. ತೆನೆ ಸಿಗದೆ ಉಣ್ಣುವ ಹಾಗಿಲ್ಲ. ಮಕ್ಕಳು ಕಬ್ಬು ಎಲ್ಲಿ ಎಂದು ಅಳತೊಡಗಿದ್ದರು.

"ಮರ್ವಿನ್, ಒಂದು ಹೆಸರು ಅಲ್ವಾ, ಕೂಗಿಬಿಡು ಮಾರಾಯ," ಎಂದು ಅವನ ಹೆಂಡತಿ ಡಾಲಿಯೇ ಹೇಳಿದಳು. "ಸಾಂಬಾರು ಹಳಸಿ ಹೋಗ್ತದೆ."

ಅವನು ಪಾದ್ರಿಗಳನ್ನು ನೋಡಿದ. ಪಾದ್ರಿಗಳು ಗಡಿಯಾರ ನೋಡಿದರು. ರಿಕ್ಷಾದವನು ಮೈಕನ್ನು ಅವನ ಕೈಗೆ ಕೊಟ್ಟ. ಬಂದರಿನ ತುಂಬ ಕೇಳುವಂತೆ ಮರ್ವಿನ್ ಹೇಳಿದ:

"ಲಕ್ಡಾ ಮನೆ. ಎಷ್ಟು ಜನ?"

"ಇಲ್ಲಿ ಮೂರು," ಎಂದಳು ಬಿಬಿಯಾನಾ.

ಅವನು ಲಗುಬಗೆಯಿಂದ ಮೂರು ತೆನೆ ಎಳೆದು ಕೊಟ್ಟ. ಅವಳು ಅಲ್ಲೇ ಕೂತಳು, ತೂಕದ ಮೇಜಿಗೆ ಬೆನ್ನು ಕೊಟ್ಟು. ಒಂದು ಕಾಳನ್ನು ಉಗುರಿನಿಂದ ಸುಲಿದಳು. ಹಾಲುಗಟ್ಟಿದ ಹಸಿ ಅಕ್ಕಿ. ಬೆರಳ ತುದಿಯಲ್ಲಿ ಅರೆದು ಮರಿಯಾಳ ನಾಲಗೆಗೆ ಹಚ್ಚಿದಳು. ಮಗು ಮುಖ ಹುಳಿ ಮಾಡಿ ತೂ ಎಂದು ಉಗಿಯಿತು. ಮತ್ತೆ ಬಾಯಿ ತೆರೆಯಿತು. ವಾರಿಜಾಕ್ಷಿ ಕಣ್ಣು ಒರೆಸಿಕೊಂಡಳು.

"ಆಯ್ತಲ್ಲ," ಎಂದ ಮರ್ವಿನ್. "ಇನ್ನು ಲೋಬೊ ಮನೆ."

"ಆಗಲಿಲ್ಲ ಸರ್. ಹೊರಗೆ ಇರುವವರದ್ದು?"

"ಹೊರಗೆ ಇರುವವರದ್ದಾ?"

"ನಿಮಗೆ ದುಬೈದು ಲೆಕ್ಕ ಉಂಟಲ್ಲ. ಮೆಲ್ಬರ್ನ್‌ದು ಉಂಟಲ್ಲ. ನನ್ನದು ಬರೆದುಕೊಳ್ಳುದು ಬೇಡ, ಕೂಗಿದ್ರೆ ಸಾಕು."

ಅವನು ಜನರ ಕಡೆ ನೋಡಿದ. ಪದ್ಧತಿ ಪದ್ಧತಿಯೇ. ಅಲ್ಲ ಎಂದರೆ ಎಲ್ಲರ ಮನೆಯ ಅರ್ಧ ತೆನೆ ಹೋಗುತ್ತದೆ.

"ಅತ್ತೆ, ಸಿಮ್ಡೇಗಾದಲ್ಲಿ," ಎಂದಳು ಬಿಬಿಯಾನಾ. "ಮಾವ, ಅಲ್ಲೇ."

"ಸಿಮ್ಡೇಗಾ ಎರಡು," ಎಂದಿತು ಮೈಕು.

"ಅಣ್ಣ, ಕೊಲ್ಲಂನಲ್ಲಿ ಬೋಟಿಗೆ ಹೋಗುವವ. ಅವನ ಹೆಂಡತಿ. ಮಕ್ಕಳು ಇಬ್ಬರು."

"ಕೊಲ್ಲಂ ನಾಲ್ಕು."

"ಮೈದುನ, ಲೂಧಿಯಾನಾದಲ್ಲಿ, ಇಟ್ಟಿಗೆ ಭಟ್ಟಿ."

"ಲೂಧಿಯಾನಾ ಒಂದು."

"ತಂಗಿ. ದೆಹಲಿಯಲ್ಲಿ. ಯಾರದೋ ಮನೆಯಲ್ಲಿ ಕೆಲಸಕ್ಕೆ ಅಂತ ಕರಕೊಂಡು ಹೋದ್ರು. ಫೋನ್ ಹೋಗುದಿಲ್ಲ ಈಗ. ಆರು ವರ್ಷ ಆಯ್ತು."

ಮರ್ವಿನನ ಕೈ ತೆನೆಯ ಮೇಲೆ ನಿಂತಿತು. ಮೈಕನ್ನು ಬಾಯಿಯಿಂದ ದೂರ ಹಿಡಿದು ಕೇಳಿದ, ಆದರೂ ಎಲ್ಲರಿಗೂ ಕೇಳಿತು.

"ಅವಳು ಇದ್ದಾಳಾ?"

"ಇದ್ದಾಳೆ ಅಂತಲೇ ತೆನೆ ಕೇಳ್ತಾ ಇರುದು."

ಅವನು ಮೈಕನ್ನು ಮತ್ತೆ ಬಾಯಿಗೆ ತಂದ. "ದೆಹಲಿ ಒಂದು," ಎಂದ. ಯಾರೂ ಕೇಳದೆಯೇ ಇನ್ನೊಮ್ಮೆ ಹೇಳಿದ. ಆ ತೆನೆಯನ್ನು ಬಿಬಿಯಾನಾ ಉಳಿದವುಗಳ ಜೊತೆ ಸೇರಿಸಲಿಲ್ಲ. ಸೀರೆಯ ಸೆರಗಿನಲ್ಲಿ ಬೇರೆಯಾಗಿ ಕಟ್ಟಿಕೊಂಡಳು.

ಜೋಹನನ ಹಿಂದೆ ಕೆರ್ಕೆಟ್ಟಾ ಮನೆಯವರು ಬಂದು ನಿಂತರು. ಅವರ ಹಿಂದೆ ಟೊಪ್ಪೊ ಮನೆ. ಅವರ ಹಿಂದೆ ಮಹಡಿಯ ಮೆಟ್ಟಿಲ ತುಂಬ ಜನ, ಕಂಕುಳಲ್ಲಿ ಗರಿಯ ಕಿರೀಟ ಇಟ್ಟುಕೊಂಡು, ಯಾರೆಲ್ಲ ಎಲ್ಲೆಲ್ಲಿ ಇದ್ದಾರೆ ಎಂದು ಬೆರಳು ಮಡಚಿ ಎಣಿಸುತ್ತಿದ್ದರು. ಕಟ್ಟು ಆಗಲೇ ಸಡಿಲವಾಗಿತ್ತು.

"ಸಾಕಲ್ಲ, ಮಾರಾಯ್ತಿ?" ಎಂದ ಮರ್ವಿನ್.

"ನಿಲ್ಲಿ ಸರ್," ಎಂದಳು ಬಿಬಿಯಾನಾ. "ನನ್ನ ಮನೆ ಇನ್ನೂ ಮುಗೀಲಿಲ್ಲ."